ಸೊಪ್ಪಿನಿಂದ ರಕ್ತದವರೆಗೆ: ‘ಕೆ’ ಜೀವಸತ್ವ ನಡೆದು ಬಂದ ದಾರಿ



ಕಳೆದ ದೀಪಾವಳಿ ಊಟದ ಸಾಲಿನಲ್ಲಿ ನಮ್ಮ ಮುಂದೆ ಒಬ್ಬ ಹಿರಿಯ ತಾಯಿ ನಿಂತಿದ್ದರು. ಮಗಳ ಮನೆಗೆಂದು ಊರಿನಿಂದ ಆರು ತಿಂಗಳಿಗೆ ಬಂದವರು. ಮೆಂತ್ಯ ಸೊಪ್ಪಿನ ಪಲ್ಯದ ಪಾತ್ರೆ ಬಂದ ಕೂಡಲೆ ತಟ್ಟೆ ಹಿಡಿದು ನಿಂತೇಬಿಟ್ಟರು. “ಡಾಕ್ಟ್ರೇ, ನಾನು ರಕ್ತ ತೆಳು ಮಾಡೋ ಮಾತ್ರೆ ತಗೋತೀನಿ. ಊರಲ್ಲಿ ಸೊಪ್ಪು ಮುಟ್ಟಲೇಬೇಡಿ ಅಂತಾರೆ. ಇಲ್ಲಿ ಮಗಳು, ಸೊಪ್ಪು ತಿನ್ನಮ್ಮಾ ಒಳ್ಳೇದು ಅಂತಾಳೆ. ನಾನು ಯಾರ ಮಾತು ಕೇಳ್ಲಿ?” ಎಂದರು.

ಹಿಂದೆ ಸಾಲು ಬೆಳೆಯುತ್ತಿತ್ತು. “ಊಟ ಆದ ಮೇಲೆ ಮಾತಾಡೋಣ ತಾಯಿ” ಎಂದೆವು. ಊಟವಾದ ಮೇಲೆ ಮಾತು ಮುಕ್ಕಾಲು ಗಂಟೆ ನಡೆಯಿತು. ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದ ನಮ್ಮ ಸಂಪಾದಕರು ಅದನ್ನು ಕೇಳಿಸಿಕೊಂಡು, “ಇದನ್ನೇ ಎರಡು ಪುಟ ಬರೆದುಕೊಡಿ” ಎಂದು ಗಂಟುಬಿದ್ದರು. ಎರಡು ಪುಟ ನಾಲ್ಕಾಗಿದೆ. ಜೆರಾಕ್ಸ್ ಖರ್ಚಿಗೆ ಖಜಾಂಚಿಗಳು ಕ್ಷಮಿಸಬೇಕು.

ಆ ತಾಯಿಯ ಪ್ರಶ್ನೆ ಸಣ್ಣದಲ್ಲ. ರಕ್ತ ತೆಳು ಮಾಡುವ ಹಳೆಯ ಮಾತ್ರೆಗೂ ಸೊಪ್ಪಿನಲ್ಲಿರುವ ‘ಕೆ’ ಜೀವಸತ್ವಕ್ಕೂ ಒಳಗೊಳಗೇ ಜಗಳವಿದೆ. ಆ ಜಗಳ ಅರ್ಥವಾಗಬೇಕಾದರೆ ಈ ಜೀವಸತ್ವ ನಮ್ಮ ತಟ್ಟೆಯಿಂದ ರಕ್ತಕ್ಕೆ ಹೇಗೆ ಸೇರುತ್ತದೆ, ಸೇರಿದ ಮೇಲೆ ಏನಾಗಿ ಮಾರ್ಪಡುತ್ತದೆ ಎಂಬುದು ತಿಳಿದಿರಬೇಕು. ಇದನ್ನು ಕಂಡುಹಿಡಿಯಲು ವಿಜ್ಞಾನಿಗಳಿಗೆ ಎಂಬತ್ತು ವರ್ಷ ಹಿಡಿಯಿತು. ಕಥೆ ಶುರುವಾಗುವುದು ಡೆನ್ಮಾರ್ಕಿನ ಕೋಳಿಮರಿಗಳಿಂದ.

ಕೋಪನ್‌ಹೇಗನ್ನಿನ ಕೋಳಿಮರಿಗಳು

1929ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಹೆನ್ರಿಕ್ ಡಾಮ್ ಎಂಬ ವಿಜ್ಞಾನಿ ಕೊಲೆಸ್ಟರಾಲ್ ಬಗ್ಗೆ ಕೆಲಸ ಮಾಡುತ್ತಿದ್ದ. ಕೋಳಿಗಳು ಅದನ್ನು ತಮ್ಮ ಮೈಯಲ್ಲೇ ತಯಾರಿಸಿಕೊಳ್ಳಬಲ್ಲವೇ ಎಂಬುದು ಅವನ ಪ್ರಶ್ನೆ. ಅದಕ್ಕಾಗಿ ಆಹಾರದಿಂದ ಕೊಬ್ಬನ್ನೆಲ್ಲ ತೆಗೆದುಹಾಕಿ ಮರಿಗಳಿಗೆ ತಿನ್ನಿಸಿದ. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಕೆಲವು ಮರಿಗಳ ಚರ್ಮದ ಕೆಳಗೆ, ಮಾಂಸಖಂಡಗಳಲ್ಲಿ ರಕ್ತ ಸೋರತೊಡಗಿತು. ತೆಗೆದ ರಕ್ತ ಬೇಗ ಹೆಪ್ಪುಗಟ್ಟುತ್ತಲೂ ಇರಲಿಲ್ಲ.

ಕೊಲೆಸ್ಟರಾಲನ್ನೇ ಮತ್ತೆ ಸೇರಿಸಿ ನೋಡಿದ, ಪ್ರಯೋಜನವಾಗಲಿಲ್ಲ. ನಿಂಬೆರಸ ಕೊಟ್ಟ, ಇಲ್ಲ. ಕಾಡ್ ಮೀನಿನ ಎಣ್ಣೆ ಕೊಟ್ಟ, ಅದರಿಂದಲೂ ಇಲ್ಲ. ಅಂದರೆ ಆಗ ಗೊತ್ತಿದ್ದ ಎ, ಸಿ, ಡಿ ಜೀವಸತ್ವಗಳ ಕೊರತೆ ಇದಲ್ಲ. ಹಸಿರೆಲೆ ಮತ್ತು ಹಂದಿಯ ಯಕೃತ್ತು ಕೊಟ್ಟಾಗ ಮಾತ್ರ ರಕ್ತಸ್ರಾವ ನಿಂತಿತು. ಕೊಬ್ಬಿನಲ್ಲಿ ಕರಗುವ ಹೊಸ ವಸ್ತುವೊಂದು ಇದೆ ಎಂದು ಡಾಮ್ ತೀರ್ಮಾನಿಸಿ 1935ರಲ್ಲಿ ಅದಕ್ಕೆ ‘ಕೆ’ ಎಂದು ಹೆಸರಿಟ್ಟ. ಹೆಪ್ಪುಗಟ್ಟುವಿಕೆಗೆ ಅವನ ಭಾಷೆಯಲ್ಲೂ ಜರ್ಮನ್ ಭಾಷೆಯಲ್ಲೂ ಇರುವ ಪದ ‘ಕೆ’ ಅಕ್ಷರದಿಂದ ಶುರುವಾಗುತ್ತದೆ. ಹೆಸರು ಬಂದದ್ದು ಅಲ್ಲಿಂದ.

ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಹರ್ಮನ್ ಆಲ್ಮ್‌ಕ್ವಿಸ್ಟ್ ಮತ್ತು ಸ್ಟಾಕ್‌ಸ್ಟಡ್ ಎಂಬಿಬ್ಬರು ಇದೇ ಕಾಯಿಲೆಯ ಹಿಂದೆ ಬಿದ್ದಿದ್ದರು. ಅವರಿಗೆ ಒಂದು ವಿಚಿತ್ರ ಕಂಡಿತು. ಒಣಗಿದ ಮೀನಿನ ಪುಡಿ ತಿಂದ ಮರಿಗಳಿಗೆ ರಕ್ತಸ್ರಾವ. ಅದೇ ಪುಡಿಯನ್ನು ನೀರಿನಲ್ಲಿ ನೆನೆಸಿ ಕೊಳೆಯಲು ಬಿಟ್ಟು ತಿನ್ನಿಸಿದರೆ ಮರಿಗಳು ಸುಖವಾಗಿದ್ದವು! ಕೊಳೆಸುವ ಬ್ಯಾಕ್ಟೀರಿಯಾಗಳೇ ಈ ಜೀವಸತ್ವವನ್ನು ತಯಾರಿಸುತ್ತಿದ್ದವು. ಪಾಪ, ಅವರ ಲೇಖನ ಅಚ್ಚಾಗುವುದು ತಡವಾಗಿ, ಡಾಮ್‌ನ ಲೇಖನ ಕೆಲವೇ ವಾರ ಮುಂಚೆ ಹೊರಬಿತ್ತು.

ಹೀಗೆ ಮೊದಲ ದಿನದಿಂದಲೇ ‘ಕೆ’ಗೆ ಎರಡು ತವರುಮನೆ. ಒಂದು ಹಸಿರೆಲೆ, ಇನ್ನೊಂದು ಬ್ಯಾಕ್ಟೀರಿಯಾ. 1939ರಲ್ಲಿ ಕುದುರೆ ಮಸಾಲೆ ಸೊಪ್ಪಿನಿಂದ ಬೇರ್ಪಡಿಸಿದ್ದಕ್ಕೆ ಕೆ1 ಎಂದೂ, ಸೇಂಟ್ ಲೂಯಿಸ್ ನಗರದ ಎಡ್ವರ್ಡ್ ಡಾಯ್ಸಿ ಕೊಳೆತ ಮೀನಿನ ಪುಡಿಯಿಂದ ಬೇರ್ಪಡಿಸಿದ್ದಕ್ಕೆ ಕೆ2 ಎಂದೂ ಹೆಸರಾಯಿತು. ಡಾಮ್ ಮತ್ತು ಡಾಯ್ಸಿ ಇಬ್ಬರಿಗೂ 1943ರ ಸಾಲಿನ ನೊಬೆಲ್ ಪ್ರಶಸ್ತಿ ಹಂಚಿಕೆಯಾಯಿತು.

ಮಕ್ಕಳಿಗೆ ಹೇಳುವುದಾದರೆ ಗಾಳಿಪಟದ ಹೋಲಿಕೆ ಕೊಡಬಹುದು. ಎಲ್ಲ ‘ಕೆ’ಗಳಿಗೂ ಪಟ ಒಂದೇ, ಬಾಲಂಗೋಚಿ ಮಾತ್ರ ಬೇರೆ. ಸೊಪ್ಪಿನ ಕೆ1ಕ್ಕೆ ಒಂದು ಬಗೆಯ ಬಾಲ. ಕೆ2 ಎಂಬುದು ಒಂದಲ್ಲ, ಒಂದು ದೊಡ್ಡ ಕುಟುಂಬ. ಬಾಲದಲ್ಲಿ ನಾಲ್ಕು ಗಂಟು ಇದ್ದರೆ ಎಂಕೆ-4, ಏಳು ಇದ್ದರೆ ಎಂಕೆ-7, ಹೀಗೆ ಹತ್ತನ್ನೂ ದಾಟುತ್ತದೆ. ಬಾಲವೇ ಇಲ್ಲದ ಬರಿಯ ಪಟಕ್ಕೆ ಮೆನಡಯೋನ್ ಅಥವಾ ಕೆ3 ಎನ್ನುತ್ತಾರೆ. ಈ ಪಟವನ್ನೂ ಬಾಲವನ್ನೂ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಪಿತ್ತರಸವಿಲ್ಲದೆ ಪ್ರವೇಶವಿಲ್ಲ

ಆ ಕಾಲದ ಶಸ್ತ್ರವೈದ್ಯರಿಗೆ ಒಂದು ದೊಡ್ಡ ಭಯವಿತ್ತು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಕಾಮಾಲೆಯಾದ ರೋಗಿಗೆ ಆಪರೇಷನ್ ಮಾಡಿದರೆ, ಗಾಯದಿಂದ ರಕ್ತ ಒಸರಿ ಒಸರಿ ರೋಗಿ ಕೈತಪ್ಪಿ ಹೋಗುತ್ತಿದ್ದ. ಹೊಲಿಗೆ ಚೆನ್ನಾಗಿಯೇ ಇರುತ್ತಿತ್ತು, ರಕ್ತವೇ ಹೆಪ್ಪುಗಟ್ಟುತ್ತಿರಲಿಲ್ಲ.

1935ರಲ್ಲಿ ಆರ್ಮಂಡ್ ಕ್ವಿಕ್ ಎಂಬ ವೈದ್ಯ ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಬೇಕೆಂದು ಅಳೆಯುವ ಪರೀಕ್ಷೆ ಕಂಡುಹಿಡಿದ. ನಮ್ಮ ಹಿರಿಯರು ಇಂದು ಮಾಡಿಸುವ ‘ಐಎನ್‌ಆರ್’ ಪರೀಕ್ಷೆ ಅದರ ಮೊಮ್ಮಗು. ಕಾಮಾಲೆ ರೋಗಿಗಳಲ್ಲಿ ಪ್ರೋತ್ರಾಂಬಿನ್ ಎಂಬ ಹೆಪ್ಪುಗಟ್ಟಿಸುವ ಅಂಶ ಕಡಿಮೆಯೆಂದು ಅದರಿಂದ ತಿಳಿಯಿತು. 1938ರಲ್ಲಿ ಮಿನೆಸೋಟಾದ ಮೇಯೋ ಕ್ಲಿನಿಕ್ಕಿನವರೂ ಅಯೋವಾ ವಿಶ್ವವಿದ್ಯಾಲಯದವರೂ ಬೇರೆ ಬೇರೆಯಾಗಿ ಇಂಥ ರೋಗಿಗಳಿಗೆ ‘ಕೆ’ ಜೀವಸತ್ವವನ್ನು ಪಿತ್ತರಸದ ಜೊತೆಗೆ ಕೊಟ್ಟು ನೋಡಿದರು. ರಕ್ತ ಹೆಪ್ಪುಗಟ್ಟತೊಡಗಿತು.

ಇದರಿಂದ ತಿಳಿದದ್ದು ಇಷ್ಟು. ‘ಕೆ’ ನೀರಿನಲ್ಲಿ ಕರಗುವುದಿಲ್ಲ. ಊಟದ ಎಣ್ಣೆ ತುಪ್ಪದೊಂದಿಗೆ ಬೆರೆತು, ಪಿತ್ತರಸದ ಸಹಾಯದಿಂದ ಸೂಕ್ಷ್ಮ ಹನಿಗಳಾಗಿ, ಸಣ್ಣ ಕರುಳಿನ ಗೋಡೆ ದಾಟಬೇಕು. ಅಲ್ಲಿಂದ ನೇರವಾಗಿ ರಕ್ತಕ್ಕೆ ಹೋಗದೆ, ಕೊಬ್ಬಿನ ಸಣ್ಣ ಮೂಟೆಗಳಲ್ಲಿ ಕೂತು, ದುಗ್ಧರಸದ ನಾಳಗಳ ಬಳಸುದಾರಿಯಲ್ಲಿ ರಕ್ತಕ್ಕೆ ಸೇರಿ ಯಕೃತ್ತನ್ನು ಮುಟ್ಟುತ್ತದೆ. ಪಿತ್ತನಾಳ ಮುಚ್ಚಿದರೆ ಎಷ್ಟು ಸೊಪ್ಪು ತಿಂದರೂ ಅದು ಬಂದ ದಾರಿಗೆ ಸುಂಕವಿಲ್ಲದೆ ಹೊರಗೆ ಹೋಗುತ್ತದೆ.

ನಾವು ಮೈಸೂರಿನಲ್ಲಿ ಎಂಬಿಬಿಎಸ್ ಓದುವಾಗ, ‘ಕೆ’ಯ ಯೋಚನೆ ಬೇಡ, ಕರುಳಿನ ಬ್ಯಾಕ್ಟೀರಿಯಾಗಳೇ ಬೇಕಾದಷ್ಟು ತಯಾರಿಸಿ ಕೊಡುತ್ತವೆ ಎಂದು ಕಲಿತು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆವು. ಅದು ಅರ್ಧ ಸತ್ಯ. ಬ್ಯಾಕ್ಟೀರಿಯಾಗಳು ಕೆ2 ತಯಾರಿಸುವುದು ನಿಜ. ಆದರೆ ಅವು ಇರುವುದು ಹೆಚ್ಚಾಗಿ ದೊಡ್ಡ ಕರುಳಿನಲ್ಲಿ, ಪಿತ್ತರಸ ಕೆಲಸ ಮಾಡುವುದು ಅದಕ್ಕಿಂತ ಮೇಲೆ, ಸಣ್ಣ ಕರುಳಿನಲ್ಲಿ. ದಿನಸಿ ಹಿತ್ತಿಲಿಗೆ ಬಂದಿದೆ, ಒಲೆ ಇರುವುದು ಅಡುಗೆಮನೆಯಲ್ಲಿ! ಆದ್ದರಿಂದ ಅಲ್ಲಿ ತಯಾರಾದದ್ದರಲ್ಲಿ ನಮಗೆ ದಕ್ಕುವುದು ಸ್ವಲ್ಪವೇ. ನಾವು ನೆಚ್ಚಬೇಕಾದದ್ದು ತಟ್ಟೆಯನ್ನೇ.

ಹಾಲಿನ ಕ್ಯಾನಿನಲ್ಲಿ ರಕ್ತ

ಇನ್ನು ಕಥೆ ನಾವಿರುವ ವಿಸ್ಕಾನ್ಸಿನ್‌ಗೆ ಬರುತ್ತದೆ. 1920ರ ದಶಕದಲ್ಲಿ ಈ ದೇಶದ ಉತ್ತರ ಭಾಗದಲ್ಲಿಯೂ ಕೆನಡಾದಲ್ಲಿಯೂ ದನಗಳಿಗೆ ಒಂದು ಕಾಯಿಲೆ ಬಂತು. ಕೊಂಬು ಕತ್ತರಿಸಿದರೆ ಸಾಕು, ರಕ್ತ ನಿಲ್ಲದೆ ದನ ಸಾಯುತ್ತಿತ್ತು. ಸ್ವೀಟ್ ಕ್ಲೋವರ್ ಎಂಬ ಮೇವಿನ ಗಿಡ ತೇವದಿಂದ ಬೂಷ್ಟು ಹಿಡಿದಾಗ ಅದನ್ನು ತಿಂದ ದನಗಳಿಗೆ ಈ ಕಾಯಿಲೆ ಬರುತ್ತದೆ ಎಂದು ಕೆನಡಾದ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ತೋರಿಸಿದ. ಆ ಮೇವು ಹಾಕಬೇಡಿ ಎನ್ನುವುದು ಸುಲಭ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಬಡ ರೈತ ಬೇರೆ ಮೇವು ತರುವುದೆಲ್ಲಿಂದ?

1933ರ ಫೆಬ್ರವರಿಯ ಒಂದು ಶನಿವಾರ, ಹಿಮಗಾಳಿ ಬೀಸುತ್ತಿರುವಾಗ, ಎಡ್ ಕಾರ್ಲ್‌ಸನ್ ಎಂಬ ರೈತ ಸುಮಾರು 190 ಮೈಲಿ ದೂರದಿಂದ ಮ್ಯಾಡಿಸನ್ನಿಗೆ ಬಂದ. ಗಾಡಿಯಲ್ಲಿ ಒಂದು ಸತ್ತ ಕಡಸು, ಬೂಷ್ಟು ಹಿಡಿದ ಮೇವು, ಮತ್ತು ಒಂದು ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ. ರಾಜ್ಯದ ಪಶುವೈದ್ಯರ ಕಚೇರಿ ಮುಚ್ಚಿತ್ತು. ಬಾಗಿಲು ತೆರೆದಿದ್ದದ್ದು ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದ್ದು. ಒಳಗಿದ್ದವನು ಕಾರ್ಲ್ ಪಾಲ್ ಲಿಂಕ್. ಆ ದಿನ ರೈತನಿಗೆ ಕೊಡಲು ಅವನ ಹತ್ತಿರ ಔಷಧವಿರಲಿಲ್ಲ. ಆದರೆ ಆ ರಕ್ತದ ಕ್ಯಾನು ಅವನನ್ನು ಬಿಡಲಿಲ್ಲ. ಆರು ವರ್ಷ ದುಡಿದು 1939ರಲ್ಲಿ ಅವನ ತಂಡ ಆ ಮೇವಿನಿಂದ ಡೈಕೂಮರಾಲ್ ಎಂಬ ವಸ್ತುವನ್ನು ಬೇರ್ಪಡಿಸಿತು. ಅದರಿಂದಾಗುವ ರಕ್ತಸ್ರಾವಕ್ಕೆ ಪ್ರತಿಮದ್ದು ಯಾವುದು? ಡಾಮ್ ಕಂಡುಹಿಡಿದ ‘ಕೆ’ ಜೀವಸತ್ವವೇ!

ಅದೇ ಜಾತಿಯ ಇನ್ನೂ ಪ್ರಬಲವಾದ ವಸ್ತುವನ್ನು ಲಿಂಕ್‌ನ ಪ್ರಯೋಗಾಲಯ ತಯಾರಿಸಿತು. ವಿಸ್ಕಾನ್ಸಿನ್ ಹಳೆಯ ವಿದ್ಯಾರ್ಥಿಗಳ ಸಂಶೋಧನಾ ಪ್ರತಿಷ್ಠಾನದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ‘ವಾರ್ಫ್’ ತೆಗೆದು ಅದಕ್ಕೆ ‘ವಾರ್ಫರಿನ್’ ಎಂದು ಹೆಸರಿಟ್ಟರು. 1948ರಲ್ಲಿ ಅದು ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. 1954ರಲ್ಲಿ ಮನುಷ್ಯರಿಗೆ ಔಷಧವಾಯಿತು. 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ಅವರಿಗೂ ಇದನ್ನೇ ಕೊಟ್ಟರು. ನಮ್ಮ ಊರುಗಳಲ್ಲಿ ಕವಾಟದ ಆಪರೇಷನ್ ಆದವರು ನುಂಗುವ ಅಸಿಟ್ರಾಮ್ ಮಾತ್ರೆಯೂ ಇದೇ ಮನೆತನದ್ದು.

ಕನ್ನಡದಲ್ಲಿ ರಕ್ತಕ್ಕೂ ಹೆಪ್ಪು, ಹಾಲಿಗೂ ಹೆಪ್ಪು. ಹಾಲಿಗೆ ಹೆಪ್ಪು ಹಾಕುವುದು ಮಜ್ಜಿಗೆಯ ತೊಟ್ಟು. ರಕ್ತಕ್ಕೆ ಹೆಪ್ಪು ಹಾಕುವ ಪ್ರೋಟೀನುಗಳು ಯಕೃತ್ತಿನಲ್ಲಿ ತಯಾರಾಗುತ್ತವೆ, ಆದರೆ ಹಾಗೆಯೇ ಅವು ಕೆಲಸಕ್ಕೆ ಬಾರವು. ‘ಕೆ’ ಅವುಗಳ ಮೇಲೆ ಒಂದು ರಾಸಾಯನಿಕ ಕೊಂಡಿ ಕೂರಿಸುತ್ತದೆ, ಆ ಕೊಂಡಿ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ, ಆಗ ಹೆಪ್ಪು. ಈ ಕೊಂಡಿ ಪತ್ತೆಯಾದದ್ದು 1974ರಲ್ಲಿ, ಸ್ವೀಡನ್, ಡೆನ್ಮಾರ್ಕ್ ಮತ್ತು ಅಮೆರಿಕಾದ ವಿಜ್ಞಾನಿಗಳಿಂದ. ಒಂದು ಕೊಂಡಿ ಕೂರಿಸಿದ ‘ಕೆ’ ಬಳಲಿ ಬೀಳುತ್ತದೆ. ಶರೀರ ಅದನ್ನು ಎಸೆಯದೆ ಮತ್ತೆ ಸರಿಪಡಿಸಿ ಕೆಲಸಕ್ಕೆ ಹಚ್ಚುತ್ತದೆ. ನಮ್ಮ ಅಜ್ಜಿಯರು ಹಾರ್ಲಿಕ್ಸ್ ಬಾಟಲಿಯನ್ನು ತೊಳೆದು ತೊಳೆದು ಬಳಸುತ್ತಿದ್ದ ಹಾಗೆ. ವಾರ್ಫರಿನ್ ತಡೆಯುವುದು ಈ ತೊಳೆಯುವ ಕೆಲಸವನ್ನು. ಆಗ ಹಳೆಯ ಬಾಟಲಿ ಸಿಗದೆ, ದಿನದಿನ ಹೊಸದಾಗಿ ತಟ್ಟೆಯಿಂದ ಬರುವ ‘ಕೆ’ಯ ಮೇಲೆ ಎಲ್ಲವೂ ನಿಲ್ಲುತ್ತದೆ. ಸೊಪ್ಪಿಗೂ ಮಾತ್ರೆಗೂ ಇರುವ ಜಗಳದ ಮೂಲ ಇದೇ.

ಬಾಲ ಕಳಚಿ ಬಾಲ ಕಟ್ಟುವ ವಿದ್ಯೆ

ಈಗ ಗಾಳಿಪಟಕ್ಕೆ ಹಿಂತಿರುಗೋಣ. ಹಸುವಿಗೆ ಹಾಕುವುದು ಹುಲ್ಲು, ಅದರಲ್ಲಿರುವುದು ಕೆ1. ಆದರೆ ಪ್ರಾಣಿಗಳ ಮಿದುಳು ಮೊದಲಾದ ಅಂಗಗಳಲ್ಲಿ ಕಾಣುವುದು ಹೆಚ್ಚಾಗಿ ಎಂಕೆ-4. ತಿನ್ನದೇ ಇದ್ದದ್ದು ಎಲ್ಲಿಂದ ಬಂತು? ಜ್ಯೂರಿಕ್‌ನಲ್ಲಿದ್ದ ಕಾರ್ಲ್ ಮಾರ್ಟಿಯಸ್ ಎಂಬ ವಿಜ್ಞಾನಿ 1950 ಮತ್ತು 60ರ ದಶಕಗಳಲ್ಲಿ, ಪ್ರಾಣಿಗಳು ಹಳೆಯ ಬಾಲ ಕಳಚಿ ತಮ್ಮದೇ ನಾಲ್ಕು ಗಂಟಿನ ಬಾಲ ಕಟ್ಟಿಕೊಳ್ಳುತ್ತವೆ ಎಂದು ಗುರುತು ಹಾಕಿದ ಅಣುಗಳಿಂದ ತೋರಿಸಿದ. ಬಾಲ ಕಳಚುವವರು ಕರುಳಿನ ಬ್ಯಾಕ್ಟೀರಿಯಾಗಳೇ ಇರಬೇಕೆಂದು ಅವನ ಊಹೆ.

ಊಹೆ ಬಹಳ ಕಾಲ ನಿಂತಿತು. 1998ರಲ್ಲಿ ಮ್ಯಾಡಿಸನ್ನಿನ ಜಾನ್ ಸಟಿ ಅವರ ತಂಡವೂ ಹಾಲೆಂಡಿನ ಮಾಸ್ಟ್ರಿಕ್ಟ್ ನಗರದವರೂ ಬ್ಯಾಕ್ಟೀರಿಯಾಗಳೇ ಇಲ್ಲದಂತೆ ಸಾಕಿದ ಇಲಿಗಳಿಗೆ ಕೆ1 ಕೊಟ್ಟು ನೋಡಿದರು. ಆ ಇಲಿಗಳ ಮೈಯಲ್ಲೂ ಎಂಕೆ-4 ಕಂಡಿತು. ಅಂದರೆ ಈ ವಿದ್ಯೆ ನಮ್ಮ ಶರೀರಕ್ಕೇ ಬರುತ್ತದೆ, ಬ್ಯಾಕ್ಟೀರಿಯಾದ ಹಂಗಿಲ್ಲ. ಬಳಿಕ ಜಪಾನಿನ ಕೋಬೆ ನಗರದಲ್ಲಿ ತೋಶಿಯೋ ಒಕಾನೊ ಅವರ ತಂಡ 2008ರಲ್ಲಿ ಇಲಿಯ ಮಿದುಳಿನವರೆಗೆ ಈ ದಾರಿಯನ್ನು ಹಿಂಬಾಲಿಸಿತು. 2010ರಲ್ಲಿ ಅದೇ ತಂಡ ಹೊಸ ಬಾಲ ಕಟ್ಟುವ ಕಿಣ್ವವನ್ನೂ ಕಂಡುಹಿಡಿಯಿತು, ಅದರ ಹೆಸರು ಯುಬಿಯಾಡ್1. ಈಗಿನ ತಿಳಿವಳಿಕೆಯಂತೆ, ತಿಂದ ಕೆ1ದಲ್ಲಿ ಒಂದು ಪಾಲು ಕರುಳಿನಲ್ಲೇ ಬಾಲ ಕಳಚಿಕೊಂಡು ಬರಿಯ ಪಟವಾಗಿ ರಕ್ತಕ್ಕೆ ಇಳಿಯುತ್ತದೆ, ದೂರದ ಅಂಗಗಳು ಅದಕ್ಕೆ ನಾಲ್ಕು ಗಂಟಿನ ಬಾಲ ಕಟ್ಟಿಕೊಳ್ಳುತ್ತವೆ. ಉಳಿದ ಕೆ1 ಹಾಗೆಯೇ ಯಕೃತ್ತಿಗೆ ಹೋಗಿ ಹೆಪ್ಪಿನ ಕೆಲಸ ಮಾಡುತ್ತದೆ.

ಹಾಗಾದರೆ ಬರಿಯ ಪಟವನ್ನೇ ಔಷಧವಾಗಿ ಕೊಟ್ಟರೆ ಆಗದೇ? ಹಾಗೆ ಮಾಡಿದ ಕಹಿ ಅನುಭವವೂ ಇತಿಹಾಸದಲ್ಲಿದೆ. ಹುಟ್ಟಿದ ಮಗುವಿನ ಮೈಯಲ್ಲಿ ‘ಕೆ’ ಬಹಳ ಕಡಿಮೆ. ಗರ್ಭದಲ್ಲಿ ತಾಯಿಯಿಂದ ಅದು ಸರಿಯಾಗಿ ದಾಟುವುದಿಲ್ಲ, ತಾಯಿಹಾಲಿನಲ್ಲೂ ಲೀಟರಿಗೆ ಕೆಲವೇ ಮೈಕ್ರೋಗ್ರಾಂ. ಅದರಿಂದ ಕೆಲವು ಹಸುಗೂಸುಗಳಿಗೆ ಹೊಕ್ಕುಳಿನಲ್ಲಿ, ಹೊಟ್ಟೆಯಲ್ಲಿ, ಕೆಲವೊಮ್ಮೆ ಮಿದುಳಿನಲ್ಲೇ ರಕ್ತಸ್ರಾವವಾಗುತ್ತದೆ. ತಡೆಯಲೆಂದು ನೀರಿನಲ್ಲಿ ಕರಗುವಂತೆ ಮಾಡಿದ ಮೆನಡಯೋನ್ ಅನ್ನು ಧಾರಾಳವಾಗಿ ಚುಚ್ಚಿದರು. 1950ರ ದಶಕದಲ್ಲಿ ತಿಳಿಯಿತು, ದೊಡ್ಡ ಪ್ರಮಾಣದಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆದು, ಕಾಮಾಲೆ ಏರಿಸಿ, ಮಗುವಿನ ಮಿದುಳಿಗೇ ಹಾನಿ ಮಾಡುತ್ತಿತ್ತು. ಅದನ್ನು ಬಿಟ್ಟು ಬಾಲವಿರುವ ಕೆ1 ಹಿಡಿದರು. 1961ರಲ್ಲಿ ಅಮೆರಿಕಾದ ಮಕ್ಕಳ ವೈದ್ಯರ ಅಕಾಡೆಮಿ ಹುಟ್ಟಿದ ಪ್ರತಿ ಮಗುವಿಗೂ ‘ಕೆ’ ಕೊಡಬೇಕೆಂದು ಶಿಫಾರಸು ಮಾಡಿತು.

“ಈಗ ತಾನೇ ಹುಟ್ಟಿದ ಕೂಸಿಗೆ ಸೂಜಿ ಯಾಕಪ್ಪಾ?” ಎಂದು ನಮ್ಮ ಅತ್ತೆಯವರೂ ಕೇಳಿದ್ದರು. ಪ್ರಶ್ನೆ ಸಹಜ. ಇದರಿಂದ ಮಕ್ಕಳಿಗೆ ಕ್ಯಾನ್ಸರ್ ಬರುತ್ತದೆಂಬ ಭಯವೊಂದು 1992ರಲ್ಲಿ ಇಂಗ್ಲೆಂಡಿನ ಒಂದು ಅಧ್ಯಯನದಿಂದ ಹಬ್ಬಿತ್ತು. ಆ ಮೇಲೆ ಬಂದ ದೊಡ್ಡ ಅಧ್ಯಯನಗಳು ಅದನ್ನು ಒಪ್ಪಲಿಲ್ಲ. ಆ ಒಂದು ಸೂಜಿಯಲ್ಲಿರುವುದು ಸೊಪ್ಪಿನಲ್ಲಿರುವ ಅದೇ ಕೆ1. ಹೆರಿಗೆಗೆ ಹೊರಟಿರುವ ನಮ್ಮ ಸಂಘದ ಹೆಣ್ಣುಮಕ್ಕಳು ದಯವಿಟ್ಟು ಬೇಡವೆನ್ನಬೇಡಿ. ಅಜ್ಜಿಯರಿಗೆ ಈ ಪುಟ ತೋರಿಸಿ.

ಒಗ್ಗರಣೆಯ ಮಹಿಮೆ

ಸೊಪ್ಪಿನಲ್ಲಿ ಕೆ1 ಹೇರಳ. ನೂರು ಗ್ರಾಂ ಹಸಿ ಪಾಲಕ್‌ನಲ್ಲಿ ಸುಮಾರು 480 ಮೈಕ್ರೋಗ್ರಾಂ. ಅಮೆರಿಕಾದ ಲೆಕ್ಕದಲ್ಲಿ ದಿನಕ್ಕೆ ಬೇಕಾದದ್ದು ಗಂಡಸರಿಗೆ 120, ಹೆಂಗಸರಿಗೆ 90. ಹಾಗಾದರೆ ಒಂದು ಹಿಡಿ ಸೊಪ್ಪು ತಿಂದರೆ ಮುಗಿಯಿತೇ? ಇಲ್ಲ. ಎಲೆಯಲ್ಲಿರುವ ‘ಕೆ’ ಅದರ ಹಸಿರಿನೊಳಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಮಾಸ್ಟ್ರಿಕ್ಟ್‌ನವರು 1996ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ ಜನರಿಗೆ ಒಮ್ಮೆ ಔಷಧ ರೂಪದ ಕೆ1, ಒಮ್ಮೆ ಬರಿಯ ಪಾಲಕ್, ಒಮ್ಮೆ ಬೆಣ್ಣೆ ಸೇರಿಸಿದ ಪಾಲಕ್ ಕೊಟ್ಟು ರಕ್ತ ನೋಡಿದರು. ಔಷಧದಿಂದ ರಕ್ತಕ್ಕೆ ಸೇರಿದ್ದು ನೂರು ಎಂದಿಟ್ಟುಕೊಂಡರೆ, ಬರಿಯ ಪಾಲಕ್‌ನಿಂದ ಸೇರಿದ್ದು ಸುಮಾರು ನಾಲ್ಕು, ಬೆಣ್ಣೆ ಸೇರಿಸಿದಾಗ ಸುಮಾರು ಹದಿಮೂರು. ಮೂರು ಪಟ್ಟು!

ಇದನ್ನು ಓದಿದಾಗ ನಮಗೆ ನೆನಪಾದದ್ದು ನಮ್ಮ ತಾಯಿಯ ಬಸ್ಸಾರು. ಸೊಪ್ಪು ಬೇಯಿಸಿ, ಕಟ್ಟು ಬಸಿದು ಸಾರು, ಬಸಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ. ‘ಕೆ’ ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಕಟ್ಟಿನೊಂದಿಗೆ ಹರಿದುಹೋಗದೆ ಹೆಚ್ಚಿನ ಪಾಲು ಸೊಪ್ಪಿನಲ್ಲೇ ಉಳಿಯುತ್ತದೆ, ಒಗ್ಗರಣೆಯ ಎಣ್ಣೆ ಅದನ್ನು ಕರುಳು ದಾಟಿಸುತ್ತದೆ. ನಮ್ಮ ಅಜ್ಜಿಯರು ರುಚಿಗೆ ಮಾಡಿದ್ದು ಆರೋಗ್ಯಕ್ಕೂ ಆಯಿತು. ಡಯಟ್ ಎಂದು ಎಣ್ಣೆಯ ತೊಟ್ಟೂ ಇಲ್ಲದೆ ಹಸಿ ಪಾಲಕ್ ಮೇಯುವ ನಮ್ಮ ಯುವಕರು ಗಮನಿಸಬೇಕು.

ಎಣ್ಣೆಯಲ್ಲೂ ವ್ಯತ್ಯಾಸವಿದೆ. ಊರಿನಲ್ಲಿ ಬಳಸುವ ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆಗಳಲ್ಲಿ ‘ಕೆ’ ನಾಮಮಾತ್ರ. ಇಲ್ಲಿ ‘ವೆಜಿಟಬಲ್ ಆಯಿಲ್’ ಎಂದು ಮಾರುವ ಸೋಯಾ ಎಣ್ಣೆಯಲ್ಲೂ ಕನೋಲಾದಲ್ಲೂ ಸಾಕಷ್ಟಿದೆ, ಅದು ಎಲೆಯದಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ. ಜಪಾನಿನವರ ‘ನಾಟೋ’ ಎಂಬ ಹುದುಗಿಸಿದ ಸೋಯಾಕಾಳಿನಲ್ಲಿರುವ ಎಂಕೆ-7 ಇನ್ನೂ ಚೆನ್ನಾಗಿ ಹತ್ತುತ್ತದೆ. ಕೆ1 ಕೆಲವೇ ಗಂಟೆಗಳಲ್ಲಿ ರಕ್ತದಿಂದ ಇಳಿದುಹೋದರೆ, ಎಂಕೆ-7 ದಿನಗಟ್ಟಲೆ ಉಳಿಯುತ್ತದೆ.

ನಮ್ಮ ತಪ್ಪು, ನಮ್ಮ ತಂದೆಯ ಪಾಠ

ಇಷ್ಟೆಲ್ಲ ಬರೆದ ನಾವೇ ಒಮ್ಮೆ ಎಡವಿದ್ದನ್ನು ಹೇಳದಿದ್ದರೆ ಲೇಖನ ಪ್ರಾಮಾಣಿಕವಾಗುವುದಿಲ್ಲ.

2004ರಲ್ಲಿ ನಮ್ಮ ತಂದೆಯವರು ಇಲ್ಲಿಗೆ ಬಂದಿದ್ದರು. ಮಂಡ್ಯದ ಕಡೆಯವರು, ಎಪ್ಪತ್ತು ದಾಟಿತ್ತು. ಹೃದಯದ ಬಡಿತ ಏರುಪೇರಾಗಿ ಊರಿನಲ್ಲೇ ವಾರ್ಫರಿನ್ ಶುರುವಾಗಿತ್ತು. ಅಲ್ಲಿ ದಿನವೂ ಒಂದು ಸೊಪ್ಪು, ಮಾತ್ರೆಯ ಅಳತೆಯೂ ಅದಕ್ಕೆ ಹೊಂದಿಕೊಂಡಿತ್ತು. ನಾವು ಡಾಕ್ಟರಲ್ಲವೇ? ಮಗನ ಮನೆಯಲ್ಲಿ ಯಾವ ಅಪಾಯವೂ ಆಗಬಾರದೆಂದು ಬಂದ ದಿನವೇ ಸೊಪ್ಪು ಪೂರ್ತಿ ಬಂದ್ ಮಾಡಿದೆವು. ಮಾತ್ರೆ ಮಾತ್ರ ಹಾಗೇ ಮುಂದುವರಿಯಿತು. ಅವರು ಮರುಮಾತಾಡದೆ ಬೇಳೆಸಾರು ಉಂಡರು.

ಮೂರನೆಯ ವಾರ ಒಂದು ರಾತ್ರಿ ಮೂಗಿನಿಂದ ರಕ್ತ ಶುರುವಾಯಿತು. ಒತ್ತಿ ಹಿಡಿದರೂ ನಿಲ್ಲಲಿಲ್ಲ. ಹಿಮದಲ್ಲಿ ಕಾರು ಓಡಿಸಿಕೊಂಡು ತುರ್ತು ವಿಭಾಗಕ್ಕೆ ಹೋದೆವು. ಎರಡರಿಂದ ಮೂರರ ಒಳಗಿರಬೇಕಾದ ಐಎನ್‌ಆರ್ ಐದನ್ನು ದಾಟಿತ್ತು. ತಟ್ಟೆಯಿಂದ ಬರುತ್ತಿದ್ದ ‘ಕೆ’ಯನ್ನು ನಾವು ನಿಲ್ಲಿಸಿದ್ದೆವು, ಅದನ್ನು ಎದುರಿಸಲು ನಿಗದಿಯಾಗಿದ್ದ ಮಾತ್ರೆಗೆ ಎದುರಾಳಿಯೇ ಇಲ್ಲವಾಗಿತ್ತು. ಇನ್ನೊಬ್ಬರ ತಂದೆಯಾಗಿದ್ದರೆ ಮೊದಲ ವಾರವೇ ರಕ್ತ ಪರೀಕ್ಷೆ ಮಾಡಿಸಿರುತ್ತಿದ್ದೆವು. ಮನೆಯವರೆಂದು ಉದಾಸೀನ ಮಾಡಿದೆವು.

ದೇವರ ದಯೆ, ಬೇರೆ ಅನಾಹುತವಾಗಲಿಲ್ಲ. ಬೆಳಗಿನ ಜಾವ ಮೂಗಿಗೆ ಹತ್ತಿ ತುರುಕಿಕೊಂಡು ಮಂಚದ ಮೇಲೆ ಕೂತ ತಂದೆಯವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಅಲ್ಲ ಕಣ್ಲಾ, ಎಪ್ಪತ್ತು ವರ್ಸ ತಿಂದ ಸೊಪ್ಪು ಏನೂ ಮಾಡ್ಲಿಲ್ಲ. ನೀನು ಬಿಡ್ಸಿದ್ ಮೇಲೆ ರಕ್ತ ಬಂತಲ್ಲೋ.” ವೈದ್ಯಶಾಸ್ತ್ರವನ್ನು ಇದಕ್ಕಿಂತ ಚೆನ್ನಾಗಿ ನಮಗೆ ಯಾವ ಪ್ರೊಫೆಸರೂ ಹೇಳಿಕೊಟ್ಟಿಲ್ಲ. ಮರುದಿನದಿಂದ ಅವರಿಗೆ ದಿನವೂ ಅರ್ಧ ಬಟ್ಟಲು ಸೊಪ್ಪಿನ ಪಲ್ಯ, ಅಳತೆ ತಪ್ಪದೆ. ಮಾತ್ರೆಯನ್ನು ಅದಕ್ಕೆ ಹೊಂದಿಸಿದರು. ಉಳಿದ ತಿಂಗಳುಗಳು ಸುಖವಾಗಿ ಕಳೆದವು.

ಆದ್ದರಿಂದ ದೀಪಾವಳಿಯ ಆ ತಾಯಿಗೆ ಕೊಟ್ಟ ಉತ್ತರವನ್ನೇ ಎಲ್ಲರಿಗೂ ಹೇಳುತ್ತೇವೆ. ವಾರ್ಫರಿನ್ ಅಥವಾ ಅಸಿಟ್ರಾಮ್ ನುಂಗುವವರು ಸೊಪ್ಪನ್ನು ಬಿಡುವುದೂ ಬೇಡ, ಒಂದು ದಿನ ರಾಶಿ ತಿಂದು ಆರು ದಿನ ಉಪವಾಸವೂ ಬೇಡ. ದಿನವೂ ಹೆಚ್ಚು ಕಡಿಮೆ ಒಂದೇ ಅಳತೆ ಇರಲಿ. ಈಗಾಗಲೇ ಸೊಪ್ಪು ಬಿಟ್ಟಿರುವವರು ತಾವಾಗಿಯೇ ಮತ್ತೆ ಶುರುಮಾಡಬೇಡಿ, ನಿಮ್ಮ ವೈದ್ಯರಿಗೆ ಹೇಳಿ, ಐಎನ್‌ಆರ್ ನೋಡುತ್ತಾ ಶುರುಮಾಡಿ. ಊರಿನಿಂದ ಇಲ್ಲಿಗೆ, ಇಲ್ಲಿಂದ ಊರಿಗೆ ಹೋದಾಗ ಊಟವೂ ಎಣ್ಣೆಯೂ ಬದಲಾಗುತ್ತದೆ, ಮೊದಲ ಒಂದೆರಡು ವಾರದಲ್ಲೇ ಪರೀಕ್ಷೆ ಮಾಡಿಸಿ. ಮೂಳೆಗೆ ಒಳ್ಳೆಯದೆಂದು ಅಂಗಡಿಯಲ್ಲಿ ಡಿ ಜೀವಸತ್ವದ ಜೊತೆ ಸೇರಿಸಿ ಮಾರುವ ಕೆ2 ಮಾತ್ರೆಯನ್ನು ಕೇಳದೆ ನುಂಗಬೇಡಿ. ಅದರಲ್ಲಿರುವ ಎಂಕೆ-7 ಸಣ್ಣ ಪ್ರಮಾಣದಲ್ಲೂ ವಾರ್ಫರಿನ್‌ಗೆ ಅಡ್ಡ ಬರುತ್ತದೆ.

ಎಲಿಕ್ವಿಸ್, ಜರೆಲ್ಟೊ ಮೊದಲಾದ ಹೊಸ ಮಾತ್ರೆಗಳು ಬೇರೆ ದಾರಿಯಲ್ಲಿ ಕೆಲಸ ಮಾಡುತ್ತವೆ, ಅವಕ್ಕೂ ಸೊಪ್ಪಿಗೂ ಜಗಳವಿಲ್ಲ. ಆದರೆ ಲೋಹದ ಕವಾಟ ಹಾಕಿಸಿಕೊಂಡವರಿಗೆ ಇಂದಿಗೂ ಹಳೆಯ ಮಾತ್ರೆಯೇ ಬೇಕು. ಯಾರೂ ಪಕ್ಕದ ಮನೆಯವರನ್ನು ನೋಡಿ ಮಾತ್ರೆ ಬದಲಾಯಿಸಬೇಡಿ.

ಒಂದು ಕೋಳಿಮರಿ, ಒಂದು ಕ್ಯಾನು ರಕ್ತ, ಒಂದು ಹಿಡಿ ಸೊಪ್ಪು. ಎಷ್ಟೋ ದೇಶಗಳ ಜನ ಸೇರಿ ಇವುಗಳ ಸಂಬಂಧ ಬಿಡಿಸಿದರು. ಅದರ ಫಲವಾಗಿ ಇಂದು ನಮ್ಮ ಅಪ್ಪ ಅಮ್ಮಂದಿರು ನಾಲಿಗೆಯ ರುಚಿಯನ್ನೂ ಜೀವವನ್ನೂ ಒಟ್ಟಿಗೆ ಉಳಿಸಿಕೊಳ್ಳಬಹುದು.

ಆ ತಾಯಿ ಈಗ ತಮ್ಮ ವೈದ್ಯರ ಒಪ್ಪಿಗೆ ಪಡೆದು ದಿನವೂ ಸ್ವಲ್ಪ ಪಲ್ಯ ತಿನ್ನುತ್ತಿದ್ದಾರೆಂದು ಮಗಳು ಫೋನ್ ಮಾಡಿ ತಿಳಿಸಿದರು. ಯುಗಾದಿ ಊಟಕ್ಕೆ ಮೆಂತ್ಯ ಸೊಪ್ಪಿನ ಪಲ್ಯ ತಾವೇ ಮಾಡಿ ತರುತ್ತಾರಂತೆ, ಒಗ್ಗರಣೆ ಸಮೇತ. ಇನ್ನೂ ಪ್ರಶ್ನೆಗಳಿದ್ದರೆ ಅಂದು ಕೇಳಿ. ಆದರೆ ದಯವಿಟ್ಟು ಊಟದ ಸಾಲಿನಲ್ಲಿ ಬೇಡ, ಕಾಫಿಯ ಹೊತ್ತಿಗೆ.